ಕಾಲಿಗೆ ಕಟ್ಟಿದ ಹಗ್ಗ

ಮಿನಿಕಾಯ್ ದ್ವೀಪ
ಜನವರಿ ೨೩, ೨೦೧೯, ಬುಧವಾರ

ಪ್ರೀತಿಯ ಜುಲೇಖಾಳ ಬಪ್ಪಾ,

ಅಸ್ಸಲಾಮು ಅಲೈಕುಂ. ಆರೋಗ್ಯ ಹೇಗಿದೆ? ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತು ಹೊತ್ತಿಗೆ ನುಂಗುತ್ತಿದ್ದೀರೋ, ಅಥವಾ ಡಾಕ್ಟರ ಚೀಟಿ ಜೇಬಿನಲ್ಲಿದ್ದರೆ ಅಷ್ಟೇ ಸಾಕೆಂದು ಓಡಾಡುತ್ತಿದ್ದೀರೋ? ಎಡಗಾಲಿನ ಹರಡು ಈಗಲೂ ಬೆಳಗ್ಗೆ ಎದ್ದ ಕೂಡಲೇ ಸೆಳೆಯುತ್ತದೆಯೇ? ಕೊಚ್ಚಿಯ ಆ ಹೋಟೆಲಿನ ಮೀನು ಸಾರಿಗೆ ಹುಳಿ ಜಾಸ್ತಿ, ಎದೆ ಉರಿಯುತ್ತದೆ ಎಂದು ಹೋದ ತಿಂಗಳು ಹೇಳಿದ್ದಿರಿ. ಈ ಪತ್ರದ ಜೊತೆಗೆ ಒಂದು ಪೊಟ್ಟಣ ಕಟ್ಟಿದ್ದೇನೆ. ನಮ್ಮದೇ ಹೊಗೆಯಲ್ಲಿ ಒಣಗಿಸಿದ ಮಾಸ್ ಮೀನು ಒಂದು ಕಿಲೋ, ಬೊಂಡಿ ಹಲ್ವಾ ಆರು. ಆರೂ ನಿಮಗಲ್ಲ, ತಿಳಿದಿರಲಿ. ಎರಡು ನಿಮಗೆ, ನಾಲ್ಕು ನಿಮ್ಮ ಜೊತೆ ಕೆಲಸ ಮಾಡುವ ಗೋದಾಮಿನವರಿಗೆ. ನಿಮ್ಮ ಸಕ್ಕರೆಯ ಲೆಕ್ಕವನ್ನು ಇಲ್ಲಿ ಕುಳಿತೇ ಇಟ್ಟಿದ್ದೇನೆ.

ಫೋನ್ ಇರುವಾಗ ಇವಳು ಪತ್ರ ಯಾಕೆ ಬರೆಯುತ್ತಿದ್ದಾಳೆ ಎಂದು ಹುಬ್ಬು ಗಂಟಿಕ್ಕಿಕೊಂಡಿರುತ್ತೀರಿ. ಕಾರಣ ನಿಮಗೇ ಗೊತ್ತು. ನಾನು ಹಡಗು ಎಂಬ ಮಾತು ತೆಗೆದ ಕೂಡಲೇ ನಿಮ್ಮ ಗೋದಾಮಿನಲ್ಲಿ ಸಿಗ್ನಲ್ ಹೋಗುತ್ತದೆ. "ಹಲೋ, ಹಲೋ, ಕೇಳಿಸ್ತಿಲ್ಲ ರುಕ್ಕಿಯಾ" ಎನ್ನುತ್ತೀರಿ. ಮಾಸ್ ಮೀನಿನ ಮಾತು ಬಂದರೆ ಮಾತ್ರ ಎಲ್ಲವೂ ಗಂಟೆ ಬಾರಿಸಿದ ಹಾಗೆ ಕೇಳಿಸುತ್ತದೆ. ಪತ್ರಕ್ಕೆ ಆ ತೊಂದರೆ ಇಲ್ಲ. ಮಡಚಿ ಇಟ್ಟರೂ ಅದು ಅಲ್ಲೇ ಇರುತ್ತದೆ. ಮತ್ತೆ ಬಿಡಿಸಿದರೆ ನಾನು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದಲೇ ಶುರುಮಾಡುತ್ತೇನೆ. ನೀವು ಸಿಟ್ಟಿನಿಂದ ಹಾಳೆಯನ್ನು ಮೇಜಿನ ಮೇಲೆ ಒಗೆದರೆ ಒಗೆಯಿರಿ, ಆಮೇಲೆ ಎತ್ತಿಕೊಂಡು ಓದಿ.

ಮೊದಲು ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ, ಆಮೇಲೆ ನಗುವ ಸಂಗತಿ ಇದೆ. ನೀವು ಮನೆಗೆ ಬಾರದೆ ಎರಡು ವರ್ಷ ನಾಲ್ಕು ತಿಂಗಳಾಯಿತು. ಹಡಗನ್ನು ಬಂದರಿನ ಕಂಬಕ್ಕೆ ಕಟ್ಟುವ ಹೊತ್ತಿನಲ್ಲಿ ಹಗ್ಗದ ಸುರುಳಿ ಕಾಲಿಗೆ ಬಿಗಿದು ನಿಮ್ಮನ್ನು ನೀರಿಗೆ ಎಳೆದದ್ದು, ಅಲ್ಲಾಹನ ದಯೆಯಿಂದ ಬದುಕಿ ಮೇಲೆ ಬಂದದ್ದು, ಎಲ್ಲ ನನಗೆ ಗೊತ್ತು. ಆಮೇಲೆ ನೀವು ಎರಡು ಸಲ ಚೀಲ ಹೆಗಲಿಗೇರಿಸಿಕೊಂಡು ಊರಿನ ಹಡಗು ಹತ್ತಲು ಬಂದರಿನ ತನಕ ಬಂದು, ಏಣಿ ನೋಡಿ ಹಿಂದಿರುಗಿದ್ದೂ ಗೊತ್ತು. ಯಾರು ಹೇಳಿದರು ಎಂದು ಕೇಳಬೇಡಿ. ಆ ಬಂದರಿನಲ್ಲಿ ಯಾವಾಗ ನೋಡಿದರೂ ನಮ್ಮ ಊರಿನವರು ಹತ್ತು ಜನ ಇರುತ್ತಾರೆ. ನಾನು ನಿಮ್ಮನ್ನು ಬೈಯಲಿಲ್ಲ, ಬೈಯುವುದೂ ಇಲ್ಲ. ಇಪ್ಪತ್ತೆಂಟು ವರ್ಷ ಸಾರಂಗರಾಗಿ, ಖಲಾಸಿಗಳ ಮುಖ್ಯಸ್ಥರಾಗಿ, ಹಡಗಿನ ಹಗ್ಗಗಳನ್ನೆಲ್ಲ ಆಳಿದವರಿಗೆ ಹಗ್ಗವೇ ಹೀಗೆ ಮಾಡಿದರೆ ಯಾರಿಗೆ ತಾನೇ ಎದೆ ನಡುಗುವುದಿಲ್ಲ? ಆದರೆ ನಿಮಗೆ ಹೆದರಿಕೆಗಿಂತ ನಾಚಿಕೆ ಹೆಚ್ಚು ಎಂದು ನನಗೆ ಅನುಮಾನ. ಹೊಸದಾಗಿ ಹಡಗಿಗೆ ಬಂದವರಿಗೆಲ್ಲ ನೀವು ಮೊದಲ ದಿನ ಹೇಳುತ್ತಿದ್ದ ಮಾತು, ಜುಲೇಖಾಳಿಗೆ ಅವಳು ತೊದಲುವಾಗಲೇ ಬಾಯಿಪಾಠ ಮಾಡಿಸಿದ ಮಾತು ನನಗೆ ನೆನಪಿದೆ: "ಹಗ್ಗ ಕೈಯಲ್ಲಿರಬೇಕು, ಕಾಲಲ್ಲಿ ಅಲ್ಲ. ಕಾಲಿಗೆ ಹಗ್ಗ ಬಂತೋ, ಅವನು ಹಗ್ಗದ ಪಾಲು." ಹಾಗೆ ಹೇಳಿದವರೇ ಸುರುಳಿಯೊಳಗೆ ಕಾಲಿಟ್ಟರಲ್ಲ ಎಂದು ಊರು ನಗುತ್ತದೆ ಎಂದು ಕುಳಿತಿದ್ದೀರಿ. ಊರು ನಗುವುದು ಹೇಗೆ, ಎಷ್ಟು ದಿನ ನಗುತ್ತದೆ ಎಂಬುದನ್ನು ಈಗ ನಾನೇ ಖುದ್ದಾಗಿ ಕಂಡುಕೊಂಡಿದ್ದೇನೆ. ಅದನ್ನೇ ಬರೆಯಲು ಕುಳಿತಿದ್ದೇನೆ.

ಸಂಗತಿ ಏನೆಂದರೆ, ನಿಮ್ಮ ಹೆಂಡತಿ ನೀರಿನ ಮೇಲೆ ನಿಲ್ಲುತ್ತಾಳೆ. ಓದಿದ್ದು ಸರಿಯಾಗಿಯೇ ಇದೆ. ಐವತ್ತೊಂದು ವರ್ಷದ ರುಕ್ಕಿಯಾ, ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಕೊಳ್ಳುವವಳು, ಹವಳದ ಗೋಡೆಯೊಳಗಿನ ನಮ್ಮ ಒಳಗಡಲಿನಲ್ಲಿ ಒಂದು ಹಲಗೆಯ ಮೇಲೆ ಎರಡು ಕಾಲೂರಿ ನಿಂತು ಹುಟ್ಟು ಹಾಕುತ್ತಾಳೆ. ಜುಲೇಖಾ ಉತ್ತರದ ದ್ವೀಪವಾದ ಕದ್ಮತ್‌ನಲ್ಲಿ ನೀರಾಟದ ತರಬೇತಿ ಮುಗಿಸಿ ಬಂದು ಪ್ರವಾಸಿಗಳ ಕುಟೀರದ ಹತ್ತಿರ ಕೆಲಸಕ್ಕೆ ಸೇರಿದ್ದನ್ನು ಫೋನಿನಲ್ಲಿ ಹೇಳಿದ್ದೆ. ನವೆಂಬರಿನಲ್ಲಿ ಅಲ್ಲಿಗೆ ಮೂರು ಪ್ಯಾಡಲ್ ಬೋರ್ಡು ಬಂದವು. ಹನ್ನೊಂದು ಅಡಿ ಉದ್ದ, ನಮ್ಮ ಅಡುಗೆಮನೆಯ ಬಾಗಿಲಿನಷ್ಟು ಅಗಲ, ಮೇಲೆ ಕಾಲು ಜಾರದ ಹಾಗೆ ಮೆತ್ತನೆಯ ಹಾಸು. ಒಂದು ವಾರಕ್ಕೆ ತ್ರಿಶೂರಿನಿಂದ ನಿವೃತ್ತ ಟೀಚರಮ್ಮಂದಿರು ಇಬ್ಬರು ಬಂದರು, ಅರವತ್ತು ದಾಟಿದವರು. ಇಬ್ಬರೂ ಎರಡನೆಯ ದಿನಕ್ಕೇ ಎದ್ದು ನಿಂತು ಹರಟೆ ಹೊಡೆಯುತ್ತ ಆ ಕಡೆ ಈ ಕಡೆ ಹೋಗುತ್ತಿದ್ದರು. ಜುಲೇಖಾ ಮನೆಗೆ ಬಂದು ಅನ್ನ ಬಡಿಸಿಕೊಳ್ಳುತ್ತ, "ಅಮ್ಮಾ, ಅವರಿಗೆ ಈಜೋಕೂ ಬರಲ್ಲ, ನೀರು ನೋಡಿದ್ದೇ ಬಾವೀಲಿ. ನೀನು ಸಮುದ್ರದ ಮಧ್ಯೆ ಹುಟ್ಟಿದವಳು, ಸೊಂಟದ ಮಟ್ಟ ದಾಟಿ ಹೋಗಿದ್ದೀಯಾ ಯಾವತ್ತಾದ್ರೂ?" ಎಂದು ಚುಚ್ಚಿದಳು. ಅವಳ ಬಾಯಿ ಯಾರದು ಎಂದು ಬೇರೆ ಹೇಳಬೇಕಿಲ್ಲ, ನಿಮ್ಮದೇ.

ಅವಳು ಹೇಳಿದ್ದು ನಿಜ. ತೆಂಗಿನ ಸಿಪ್ಪೆಯನ್ನು ಒಳಗಡಲಿನ ಮರಳಿನಲ್ಲಿ ಹೂಳಿ, ಮೇಲೆ ಹವಳದ ಕಲ್ಲು ಹೇರಿ, ತಿಂಗಳುಗಟ್ಟಲೆ ಕೊಳೆಸಿ, ತೆಗೆದು ಬಡಿದು ನಾರು ಮಾಡುವ ಕೆಲಸವನ್ನು ನಾನು ಹತ್ತು ವರ್ಷದವಳಿದ್ದಾಗಿನಿಂದ ಮಾಡಿದ್ದೇನೆ. ಸೊಂಟದ ತನಕ ನೀರು ನಮ್ಮದು, ಹೆಂಗಸರದು. ಅದರಾಚೆಗಿನದು ನಿಮ್ಮದು. ಯಾರೂ ಗೆರೆ ಎಳೆದಿಲ್ಲ, ಆದರೆ ನನ್ನ ಕಾಲಿಗೆ ಆ ಗೆರೆ ಗೊತ್ತಿತ್ತು. ಹಾಗಾಗಿ ಮರುದಿನ ಬೆಳಗಿನ ನಮಾಜು ಮುಗಿಸಿ, ಗಂಡಸರ ದೋಣಿಗಳೆಲ್ಲ ಸೂರೆ ಮೀನಿಗೆ ಹೋದ ಮೇಲೆ, ಯಾರೂ ನೋಡುವುದಿಲ್ಲ ಎಂಬ ಧೈರ್ಯದಿಂದ ಜುಲೇಖಾಳ ಹಿಂದೆ ಹೋದೆ. ಯಾರೂ ನೋಡುವುದಿಲ್ಲ ಎಂದು ನಂಬಿದ್ದೇ ಮೊದಲ ತಪ್ಪು. ಸಿಪ್ಪೆ ಬಡಿಯುವ ಹೆಂಗಸರೆಲ್ಲ ಅಂದು ಅಲ್ಲೇ ಇದ್ದರು. ಅವರ ನಡುವೆ ಎಲೆಯಡಿಕೆ ಡಬ್ಬಿ ಬಿಚ್ಚಿಕೊಂಡು ನಮ್ಮ ಬೊಡುದತ್ತ, ಎಲ್ಲರ ದೊಡ್ಡಕ್ಕ. ಊರಿನ ಹೆಂಗಸರ ಯಜಮಾನಿಕೆಗೆ ಕುಳಿತ ಮೇಲೆ ಅವಳ ನಾಲಿಗೆ ಇನ್ನೂ ಒಂದು ಮೊಳ ಉದ್ದವಾಗಿದೆ. ನಾನು ಉದ್ದ ಲಿಬಾಸಿನ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ನೀರಿಗೆ ಇಳಿದದ್ದನ್ನು ನೋಡಿ ಅವಳು ಇಡೀ ದಂಡೆಗೆ ಕೇಳುವ ಹಾಗೆ, "ಏನೇ ರುಕ್ಕಿಯಾ, ಗಂಡ ಹಡಗು ಬಿಟ್ಟ ಅಂತ ನೀನು ಹಲಗೆ ಹತ್ತಿದ್ಯಾ?" ಎಂದಳು. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು, ಆದರೆ ಹಿಂದಿರುಗಿದರೆ ಇನ್ನೂ ಹೆಚ್ಚು ನಗುತ್ತಾರಲ್ಲ ಎಂದು ಹಲಗೆ ಹತ್ತಿದೆ.

ಹತ್ತಿದೆ ಎಂದರೆ ನಿಂತೆ ಎಂದಲ್ಲ. ಮೊದಲ ದಿನ ಮಂಡಿಯೂರಿ ಕುಳಿತದ್ದೇ ಸಾಧನೆ. ನೀರು ಮೊಣಕಾಲಿನಷ್ಟಿರುವಲ್ಲಿ ಹಲಗೆಯ ನಡುವೆ, ಎತ್ತಿಕೊಳ್ಳಲು ಹಿಡಿ ಇರುವ ಕಡೆ, ಎರಡು ಮಂಡಿಯನ್ನೂ ಊರಿ ನಮಾಜಿಗೆ ಕುಳಿತ ಹಾಗೆ ಕುಳಿತೆ. ಹುಟ್ಟನ್ನು ತಿರುಗಾಮುರುಗಾ ಹಿಡಿದಿದ್ದೆ, ಅದರ ಅಲಗು ಮುಂದಕ್ಕೆ ಬಾಗಿರಬೇಕಂತೆ, ನಾನು ಸಾರು ತಿರುವುವ ಸೌಟಿನ ಹಾಗೆ ನನ್ನ ಕಡೆಗೆ ಬಾಗಿಸಿಕೊಂಡಿದ್ದೆ. ಆದರೂ ಹಲಗೆ ಮುಂದೆ ಹೋಯಿತು! ಅದು ಹೋದದ್ದು ಹತ್ತು ಮಾರು ಇರಬಹುದು, ನನಗೆ ಮಾತ್ರ ಸಿಲೋನಿಗೆ ಹೋಗಿ ಬಂದ ಹಾಗಾಯಿತು. ಎರಡನೆಯ ದಿನ ಜುಲೇಖಾ ಎದ್ದು ನಿಲ್ಲಲು ಹೇಳಿದಳು. ಮಂಡಿ ಇದ್ದ ಜಾಗಕ್ಕೆ ಒಂದೊಂದೇ ಪಾದ ತರಬೇಕು, ಪಾದಗಳ ನಡುವೆ ಸೊಂಟದಷ್ಟು ಅಂತರ, ಮೊಣಕಾಲು ಸ್ವಲ್ಪ ಸಡಿಲ. "ಕಾಲು ನೋಡ್ಬೇಡ ಅಮ್ಮಾ. ಕಾಲು ನೋಡಿದ್ರೆ ಬೀಳ್ತೀಯ. ದೂರ ನೋಡು, ದೀಪಸ್ತಂಭ ನೋಡು" ಎಂದು ಅವಳು ಪಕ್ಕದಲ್ಲಿ ನಡೆಯುತ್ತ ಹೇಳುತ್ತಲೇ ಇದ್ದಳು. ನಾನು ಕಾಲು ನೋಡಿದೆ, ಬಿದ್ದೆ. ಮತ್ತೆ ನೋಡಿದೆ, ಮತ್ತೆ ಬಿದ್ದೆ. ಏಳು ಸಲ ಬಿದ್ದೆ. ಎಂಟನೆಯ ಸಲಕ್ಕೆ ಬೊಡುದತ್ತ ದಂಡೆಯಿಂದ, "ಮೀನೆಲ್ಲ ಹೆದ್ರಿ ಓಡಿ ಹೋಗ್ತಾವೆ, ಗಂಡಸ್ರು ಇವತ್ತು ಬರೀಗೈಲಿ ಬಂದ್ರೆ ನಿನ್ನ ಮನೇಗೇ ಊಟಕ್ಕೆ ಕಳಿಸ್ತೀನಿ" ಎಂದು ಕೂಗಿದಳು. ಅವಳ ಕಡೆ ಸಿಟ್ಟಿನಿಂದ ತಲೆಯೆತ್ತಿ ನೋಡಿದೆ ನೋಡಿ, ಆಗ ನಿಂತಿದ್ದೆ! ಕಾಲನ್ನು ಮರೆತು ಅವಳನ್ನು ದುರುಗುಟ್ಟಿ ನೋಡುತ್ತಿದ್ದುದರಿಂದ ಹಲಗೆ ಅಲುಗಲೇ ಇಲ್ಲ. ಈ ಉಪಕಾರವನ್ನು ಅವಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಈಗ ಹಗ್ಗದ ಸಂಗತಿಗೆ ಬರುತ್ತೇನೆ. ಈ ಹಲಗೆಗೆ ಹಿಂಬದಿಯಲ್ಲಿ ಒಂದು ಹಗ್ಗ ಇರುತ್ತದೆ, ಸುರುಳಿ ಸುತ್ತಿದ ರಬ್ಬರಿನ ಹಗ್ಗ. ಅದರ ಇನ್ನೊಂದು ತುದಿಯಲ್ಲಿರುವ ಪಟ್ಟಿಯನ್ನು ಹರಡಿನ ಮೇಲೆ ಸುತ್ತಿ ಕಟ್ಟಿಕೊಳ್ಳಬೇಕು. ನೀವು ಇದನ್ನು ಓದುವಾಗ ನಿಮ್ಮ ಕಾಲು ತಾನಾಗಿಯೇ ಹಿಂದೆ ಸರಿಯುತ್ತದೆ ಎಂದು ಗೊತ್ತು, ನನ್ನದೂ ಹಾಗೆಯೇ ಸರಿದಿತ್ತು. ಮೊದಲ ಮೂರು ದಿನ ಜುಲೇಖಾ ತಾನೇ ಬಗ್ಗಿ ಕಟ್ಟುತ್ತಿದ್ದಳು, ನಾನು ಹಲ್ಲು ಕಚ್ಚಿಕೊಂಡು ಕಾಲು ಒಡ್ಡುತ್ತಿದ್ದೆ. ನಾಲ್ಕನೆಯ ದಿನ ಅವಳು ಯಾರೋ ಪ್ರವಾಸಿಗೆ ಹುಟ್ಟು ತರಲು ಹೋದಳು. ನನ್ನ ಕಿವಿಯಲ್ಲಿ ನಿಮ್ಮ ಮಾತೇ ಮಾತು. ಸಾರಂಗನ ಹೆಂಡತಿ ನಾನು, ಹಗ್ಗದ ವಿಚಾರ ನನಗೆ ಗೊತ್ತಿಲ್ಲವೇ, ಈ ಕದ್ಮತ್ ಪಾಠದವರಿಗೆ ಏನು ಗೊತ್ತು ಎಂದುಕೊಂಡು ಪಟ್ಟಿಯನ್ನು ಬಿಚ್ಚಿ, ಹಗ್ಗವನ್ನು ಅಂದವಾಗಿ ಸುತ್ತಿ, ನೀವು ಕಲಿಸಿದ ಹಾಗೆ ತುದಿ ಒಳಗೆ ಸಿಕ್ಕಿಸಿ ಹಲಗೆಯ ಮೇಲಿಟ್ಟೆ. ಎಷ್ಟು ಚಂದದ ಸುರುಳಿ ಎಂದು ನನಗೇ ಹೆಮ್ಮೆಯಾಯಿತು. ನಮ್ಮ ಊರಿನ ಹೆಂಗಸಲ್ಲದೆ ಬೇರೆ ಯಾರೂ ಇಂಥ ಬುದ್ಧಿವಂತಿಕೆ ಮಾಡುವುದಿಲ್ಲ.

ಬೆಳಗಿನ ಗಾಳಿ ಈ ಕಾಲದಲ್ಲಿ ದಂಡೆಯಿಂದ ಆಚೆಗೆ ಬೀಸುತ್ತದೆ ಎಂಬುದು ನಿಮಗೆ ಗೊತ್ತು, ನನಗೆ ಅದು ಒಗೆದ ಬಟ್ಟೆ ಹಾರುವ ಗಾಳಿ ಮಾತ್ರ. ನಿಂತು ನಾಲ್ಕು ಸಲ ಹುಟ್ಟು ಹಾಕಿದೆ, ಹಲಗೆ ಎಂದಿಗಿಂತ ಜೋರಾಗಿ ಹೋಯಿತು, ಆಹಾ ನಾನು ಎಷ್ಟು ಬೇಗ ಕಲಿತುಬಿಟ್ಟೆ ಎಂದುಕೊಂಡೆ. ಹಿಂದಿರುಗಿ ನೋಡಿದರೆ ಹೆಂಗಸರು ಚಿಕ್ಕದಾಗಿ ಕಾಣುತ್ತಿದ್ದರು. ಹೆದರಿ ಕಾಲು ನೋಡಿಕೊಂಡೆ, ಬಿದ್ದೆ. ಮೇಲೆ ಬಂದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹಲಗೆ ನನ್ನ ಚಂದದ ಸುರುಳಿಯನ್ನು ಹೊತ್ತುಕೊಂಡು ವಿರಿಂಗಿಲಿ ದ್ವೀಪದ ಕಡೆಗೆ ಹೊರಟುಹೋಗಿತ್ತು. ನಾನು ಸೊಂಟದ ಗೆರೆ ದಾಟಿದ ನೀರಿನಲ್ಲಿ ಒಬ್ಬಳೇ. ಕಿರುಚಿದೆ ಜುಲೇಖಾಳ ಬಪ್ಪಾ, ಸುಳ್ಳು ಯಾಕೆ ಹೇಳಲಿ, ಬಾಯಿ ಬಡಿದುಕೊಂಡು ಕಿರುಚಿದೆ. "ಮುಳುಗ್ತೀನಿ, ಮುಳುಗ್ತೀನಿ" ಎಂದು ಅಳುತ್ತಿದ್ದೆ. ಆಗ ನಿಮ್ಮ ನೆನಪಾಯಿತು. ಆ ದಿನ ನೀರಿನ ಕೆಳಗೆ ನಿಮಗೆ ಹೀಗೇ ಆಗಿತ್ತಲ್ಲವೇ? ನೀವು ಒಂದು ಸಲವೂ ಅದನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ನನ್ನ ತಪ್ಪು. ಅಷ್ಟರಲ್ಲಿ ದಂಡೆಯಿಂದ ಬೊಡುದತ್ತನ ಗಂಟಲು ಕೇಳಿಸಿತು. "ಕಾಲು ಕೆಳಗೆ ಬಿಡೇ! ಎರಡು ಕಾಲು ಕೊಟ್ಟಿದ್ದಾನಲ್ಲ ದೇವರು, ಬಿಡೇ ಕೆಳಗೆ!" ನಾನು ಹೆದರಿಕೆಗೆ ಎರಡು ಕಾಲನ್ನೂ ಹೊಟ್ಟೆಗೆ ಮಡಚಿಕೊಂಡು ಜಾಕೆಟ್ಟಿನಲ್ಲಿ ತೇಲುತ್ತಿದ್ದೆ. ಕಾಲು ಬಿಟ್ಟೆ. ಮರಳು ಸಿಕ್ಕಿತು. ನೀರು ಎದೆಯ ಮಟ್ಟಕ್ಕಿತ್ತು.

ಎದೆಮಟ್ಟದ ನೀರಿನಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತೆ, ಆಮೇಲೆ ನಗು ಬಂತು, ಎರಡೂ ಸೇರಿ ಬಿಕ್ಕಳಿಕೆ ಹತ್ತಿತು. ಜುಲೇಖಾ ಬೇರೆ ಹಲಗೆಯಲ್ಲಿ ಹೋಗಿ ಓಡಿಹೋದದ್ದನ್ನು ಹಿಡಿದು ತಂದಳು. ಅವಳಿಗೆ ಬಂದ ಸಿಟ್ಟು ನೀವು ನೋಡಬೇಕಿತ್ತು. ನಾನು ತಾಯಿ ಎಂಬುದನ್ನೂ ನೋಡಲಿಲ್ಲ. "ಯಾರು ಬಿಚ್ಚೋಕೆ ಹೇಳಿದ್ದು ನಿನಗೆ?" ಎಂದಳು. ನಾನು ನಿಮ್ಮ ಮಾತು ಹೇಳಿದೆ, ಹಗ್ಗ ಕಾಲಲ್ಲಿರಬಾರದು ಎಂದು. ಅವಳು ಮುಖ ಆ ಕಡೆ ತಿರುಗಿಸಿದಳು. ನಿಮ್ಮ ವಿಷಯ ಬಂದರೆ ಅವಳು ಎರಡು ವರ್ಷದಿಂದ ಹಾಗೇ. ಆಮೇಲೆ ನೀರಿನಲ್ಲೇ ಬಗ್ಗಿ ನನ್ನ ಹರಡಿಗೆ ಪಟ್ಟಿ ಸುತ್ತುತ್ತ ಹೇಳಿದಳು, "ಅಮ್ಮಾ, ಬಪ್ಪನ್ನ ಎಳೆದ ಹಗ್ಗದ ಆ ತುದೀಲಿ ಇಡೀ ಹಡಗಿತ್ತು. ಇದರ ಆ ತುದೀಲಿ ಏನಿದೆ? ಒಂದು ಹಲಗೆ. ಅದು ನಿನ್ನ ಎಳೆಯಲ್ಲ, ನೀನು ಅದನ್ನ ಎಳ್ಕೊಳ್ತೀಯ. ಬಿದ್ರೆ ಹಿಡ್ಕೊಳ್ಳೋಕೆ ಏನಾದ್ರೂ ಹತ್ತಿರ ಇರ್ಲಿ ಅಂತ ಕಟ್ಟೋದು." ಕಟ್ಟಿ ಮುಗಿದ ಮೇಲೂ ಅವಳ ಕೈ ನನ್ನ ಕಾಲಿನ ಮೇಲೇ ಇತ್ತು. ಇವಳು ಯಾವಾಗ ಇಷ್ಟು ದೊಡ್ಡವಳಾದಳು? ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ ಆಗಿಬಿಟ್ಟಿದ್ದಾಳೆ, ಜುಲೇಖಾಳ ಬಪ್ಪಾ.

ಊರಿನ ನಗೆಯ ಲೆಕ್ಕ ಕೊಡುತ್ತೇನೆಂದು ಹೇಳಿದ್ದೆ. ನಾನು ಎದೆಮಟ್ಟದ ನೀರಿನಲ್ಲಿ ಮುಳುಗಿದ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ದ್ವೀಪದ ಹತ್ತು ಊರುಗಳಿಗೂ ಮುಟ್ಟಿತು. ಸಂಜೆ ನಮ್ಮ ಪಾಲಿನ ಮೀನು ತರಲು ಹೋದರೆ ಗಂಡಸರೂ ನಗು ತಡೆದುಕೊಂಡು, "ಏನು ರುಕ್ಕಿಯಾ ದತ್ತ, ಮಳೆ ಬಂದ್ರೆ ಅಂಗಳದಲ್ಲೂ ಜಾಕೆಟ್ ಹಾಕ್ಕೊಳ್ಳಿ" ಎಂದರು. ಎರಡನೆಯ ದಿನ ಬಾವಿಕಟ್ಟೆಯ ಹತ್ತಿರ ಪುಟ್ಟ ಹುಡುಗಿಯರು ಕಾಲು ಮಡಚಿಕೊಂಡು ಕೂಗುವ ಆಟ ಆಡುತ್ತಿದ್ದರು. ಮೂರನೆಯ ದಿನ ಯಾರದೋ ಮನೆಯ ಮೇಕೆ ಮಸೀದಿಯ ಚಾಪೆ ತಿಂದಿತು, ನನ್ನನ್ನು ಎಲ್ಲರೂ ಮರೆತರು. ಅಷ್ಟೇ! ಬರೀ ಎರಡು ದಿನ. ಸಾಲದ್ದಕ್ಕೆ ಒಂದು ವಾರವಾಗುವಷ್ಟರಲ್ಲಿ ಬೊಡುದತ್ತನೇ ಬಂದು, "ಅದ್ರ ಮೇಲೆ ಕೂತ್ಕೊಂಡೂ ಹೋಗ್ಬಹುದಾ?" ಎಂದು ಗುಟ್ಟಾಗಿ ಕೇಳಿದಳು. ಈಗ ಜುಲೇಖಾ ಅವಳನ್ನು ಹಲಗೆಯ ಮೇಲೆ ಕುಳ್ಳಿರಿಸಿ ತಳ್ಳಿಕೊಂಡು ಹೋಗುತ್ತಾಳೆ. ಎಲೆಯಡಿಕೆ ಡಬ್ಬಿ ಮಡಿಲಲ್ಲಿ, ಜಾಕೆಟ್ ಹೊಟ್ಟೆಯ ಮೇಲೆ. ಬುಧವಾರ ಮತ್ತು ಶನಿವಾರ ಸಿಪ್ಪೆ ಬಡಿದಾದ ಮೇಲೆ ಹೆಂಗಸರಿಗೆ ಪಾಠ ಎಂದು ಬೊಡುದತ್ತನೇ ಹುಕುಂ ಹೊರಡಿಸಿದ್ದಾಳೆ. ಒಂಬತ್ತು ಜನ ಬರುತ್ತಾರೆ. ಬೀಳದವರು ಒಬ್ಬರೂ ಇಲ್ಲ.

ಇಷ್ಟು ಕಷ್ಟಪಟ್ಟು ಇದರಲ್ಲಿ ಏನಿದೆ ಎಂದು ನೀವು ಕೇಳಬಹುದು. ಸ್ವಲ್ಪ ಹೇಳಲು ಯತ್ನಿಸುತ್ತೇನೆ. ಹೋದ ಶುಕ್ರವಾರಕ್ಕೆ ಮುಂಚಿನ ದಿನ ಗಾಳಿ ಪೂರ್ತಿ ನಿಂತಿತ್ತು, ಭರತದ ನೀರು ತುಂಬಿತ್ತು. ಪಟ್ಟಿಯನ್ನು ನಾನೇ ಬಗ್ಗಿ ಕಟ್ಟಿಕೊಂಡೆ. ನಿಂತು ನಿಧಾನವಾಗಿ ಹುಟ್ಟು ಹಾಕುತ್ತ ಹೋದರೆ ಕೆಳಗೆ ತಳದ ತನಕ ಎಲ್ಲವೂ ಕಾಣುತ್ತದೆ. ನೀರಿನಲ್ಲಿ ನಡೆಯುವಾಗ ಹಾಗೆ ಕಾಣುವುದಿಲ್ಲ, ಕಾಲು ಮರಳು ಕದಡುತ್ತದೆ. ನಮ್ಮ ಮನೆಯ ಸಿಪ್ಪೆ ಗುಂಡಿಗಳ ಮೇಲೆ ಹೋದೆ. ನನ್ನ ಅಜ್ಜಿ ಇಟ್ಟ ಕಲ್ಲುಗಳು, ಅಮ್ಮ ಇಟ್ಟವು, ನಾನು ಇಟ್ಟವು ಸಾಲಾಗಿ ಉಂಗುರ ಉಂಗುರವಾಗಿ ಕುಳಿತಿದ್ದವು. ನಲವತ್ತು ವರ್ಷ ಕೈಯಿಂದ ಮುಟ್ಟಿದ ಕಲ್ಲುಗಳನ್ನು ಮೇಲಿನಿಂದ ಅಂದೇ ಮೊದಲು ನೋಡಿದ್ದು. ಚಪ್ಪಟೆ ಮೈಯ ಒಂದು ತಿರಂಡಿ ಮೀನು ನನ್ನ ನೆರಳಿನ ಪಕ್ಕದಲ್ಲೇ ಸ್ವಲ್ಪ ದೂರ ಬಂತು. ಬಿದ್ದರೆ ಮತ್ತೆ ಹತ್ತುವುದು, ದಣಿದರೆ ಮಂಡಿಯೂರುವುದು, ಇಷ್ಟೇ ಇಲ್ಲಿನ ಕಟ್ಟಳೆ. ಆಚೆ ಹವಳದ ಗೋಡೆಗೆ ಹೊರಗಡಲು ಹೊಡೆಯುವ ಸದ್ದು ಕೇಳುತ್ತದೆ, ಈಚೆ ಮಾತ್ರ ನೀರು ತಟ್ಟೆಯಲ್ಲಿಟ್ಟ ಹಾಗೆ ಇರುತ್ತದೆ. ಆಮೇಲೆ ಹಲಗೆ ತಿರುಗಿಸಿ ದಂಡೆಯ ಕಡೆ ನೋಡಿದೆ. ನಮ್ಮ ದ್ವೀಪ ಇಡಿಯಾಗಿ ಕಂಡಿತು. ದೀಪಸ್ತಂಭ, ತೆಂಗಿನ ಸಾಲು, ಓಡದೋಣಿಗಳನ್ನು ಎಳೆದಿಡುವ ಮನೆ, ಅದರಾಚೆ ನಮ್ಮ ಮನೆಯ ತಗಡಿನ ಮಾಡು, ಅಂಗಳದಲ್ಲಿ ಒಣಹಾಕಿದ ನನ್ನದೇ ಹಸಿರು ಶಾಲು. ನೀವು ಪ್ರತಿ ಸಲ ಹಡಗಿನಿಂದ ಇಳಿದು ಬರುವಾಗ ನೋಡುತ್ತಿದ್ದದ್ದು ಇದನ್ನೇ ಅಲ್ಲವೇ? ಮನೆಗೆ ಬರುವುದು ಎಂದರೆ ಹೇಗಿರುತ್ತದೆ ಎಂಬುದು ಮನೆಯಲ್ಲೇ ಇದ್ದವಳಿಗೆ ಹೇಗೆ ಗೊತ್ತಾಗಬೇಕು? ಅಂದು ಗೊತ್ತಾಯಿತು. ಅಲ್ಲೇ ನಿಂತು ನಿಮ್ಮ ಹೆಸರು ಹಿಡಿದು ಒಂದು ಸಲ ಜೋರಾಗಿ ಕರೆದೆ, ಕೇಳುವವರು ಯಾರೂ ಇರಲಿಲ್ಲ.

ಮಿಕ್ಕ ಸುದ್ದಿ ಬೇಗ ಬೇಗ ಬರೆಯುತ್ತೇನೆ, ಅಂಚೆ ಚೀಲ ಕಟ್ಟುವ ಹೊತ್ತಾಯಿತು. ಅಮ್ಮ ಚೆನ್ನಾಗಿದ್ದಾಳೆ, ಹಲ್ಲಿಲ್ಲದಿದ್ದರೂ ಮಾಸ್ ಮೀನು ಬೇಕೆಂದು ಹಠ ಮಾಡುತ್ತಾಳೆ. ಅಳಿಯನಿಗೆ ಸಲಾಂ ಬರೆ ಎಂದು ಮೂರು ಸಲ ಹೇಳಿದ್ದಾಳೆ, ಮೂರನ್ನೂ ಬರೆದಿದ್ದೇನೆ ಎಂದುಕೊಳ್ಳಿ. ಹಲಸಿನಂಥ ಕಾಯಿ ಬಿಡುವ ನಿಮ್ಮ ಕಡಚಕ್ಕೆ ಮರ ಈ ಸಲ ಕೊಂಬೆ ಮುರಿಯುವಷ್ಟು ಬಿಟ್ಟಿದೆ. ನಿಮ್ಮ ಉಪಕರಣದ ಪೆಟ್ಟಿಗೆಗೆ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಜುಲೇಖಾ ಪ್ರತ್ಯೇಕವಾಗಿ ಏನೂ ಬರೆಯಲಿಲ್ಲ. ಪತ್ರ ಬರೆಯುತ್ತಿದ್ದೇನೆ, ಏನಾದರೂ ಹೇಳಬೇಕಾ ಎಂದು ಕೇಳಿದರೆ, "ಮೊದಲನೇ ದಿನ ಮಂಡಿಯೂರಿದ್ರೆ ಸಾಕು ಅಂತ ಹೇಳು" ಎಂದು ಹೊರಗೆ ಹೋದಳು. ಹೇಳಿದ್ದೇನೆ.

ಅಲ್ಲಾಹ್ ನಿಮ್ಮನ್ನು ಕೂತಲ್ಲೂ ನಿಂತಲ್ಲೂ ಕಾಯಲಿ. ಮಾತ್ರೆ ಮರೆಯಬೇಡಿ. ಗೋದಾಮಿನ ಯಜಮಾನರಿಗೂ ಅವರ ಮನೆಯವರಿಗೂ ನನ್ನ ಸಲಾಂ.

ಇಂತು ನಿಮ್ಮ,
ರುಕ್ಕಿಯಾ

ತಾ.ಕ.: ಚೀಲ ಕಟ್ಟುವವರು ಬಾಗಿಲಲ್ಲಿ ನಿಂತಿದ್ದಾರೆ, ಅಕ್ಷರ ಸೊಟ್ಟಗಾದರೆ ಓದಿಕೊಳ್ಳಿ. ನಾನು ಕೊಚ್ಚಿಗೆ ಬರುತ್ತಿದ್ದೇನೆ. ಫೆಬ್ರವರಿ ಎಂಟರ ಹಡಗು, ಟಿಕೆಟ್ ಕೈಯಲ್ಲಿದೆ. ಇಷ್ಟು ವರ್ಷ ನೀವು ಬಾ ಎಂದು ಕರೆದಾಗಲೆಲ್ಲ ಒಮ್ಮೆ ಅಮ್ಮನ ಉಬ್ಬಸ ಎಂದೆ, ಒಮ್ಮೆ ಜುಲೇಖಾಳ ಪರೀಕ್ಷೆ ಎಂದೆ, ಒಮ್ಮೆ ಮೇಕೆ ಗಬ್ಬವಾಗಿದೆ ಎಂದೆ. ಆ ಮೇಕೆ ಗಬ್ಬವಾಗಿರಲೇ ಇಲ್ಲ. ನನಗೆ ಹೆದರಿಕೆ. ಮೊದಲಿನಿಂದಲೂ ಹೆದರಿಕೆ. ನೀವು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಹೊರಟಿದ್ದೆ. ಹೊರಗಡಲಿನಲ್ಲಿ ನಿಂತ ಹಡಗಿನ ಬಾಗಿಲಿನ ತನಕ ದೋಣಿಯಲ್ಲಿ ಹೋದೆ. ದೋಣಿ ಏಳುತ್ತಿತ್ತು, ಬೀಳುತ್ತಿತ್ತು, ಬಾಗಿಲಲ್ಲಿ ನಿಂತವರು ಕೈ ಚಾಚಿದರು. ನಾನು ಕೈ ಕೊಡಲಿಲ್ಲ. ಅದೇ ದೋಣಿಯಲ್ಲಿ ಕುಳಿತು ಹಿಂದಿರುಗಿ, ಅಮ್ಮನಿಗೆ ಉಬ್ಬಸ ಎಂದು ನಿಮಗೆ ಹೇಳಿ ಕಳಿಸಿದೆ. ನೀವು ಏಣಿ ನೋಡಿ ಎರಡು ಸಲ ತಿರುಗಿ ಹೋದಿರಿ ಎಂದು ಕೇಳಿದಾಗ ನಾನು ಯಾಕೆ ಬೈಯಲಿಲ್ಲ ಎಂದು ಈಗ ತಿಳಿಯಿತಲ್ಲ? ಹಲಗೆ ಹತ್ತಿದ್ದು ಆಟಕ್ಕಲ್ಲ, ನಿಮ್ಮ ಹತ್ತಿರ ಬರುವುದಕ್ಕೆ. ಹಿಂದಿರುಗಲು ಎರಡು ಟಿಕೆಟ್ ಹೇಳಿದ್ದೇನೆ. ಅಂದು ನಿಮಗೆ ಹತ್ತಲು ಆಗದಿದ್ದರೆ ಹಡಗು ಹೋಗಲಿ, ನಾನೂ ಅಲ್ಲೇ ಉಳಿಯುತ್ತೇನೆ, ಮುಂದಿನದಕ್ಕೆ ನೋಡೋಣ. ಜುಲೇಖಾ ಒಂದು ಹಳೆಯ ಕಾಲುಹಗ್ಗ ಕೊಟ್ಟಿದ್ದಾಳೆ, ಅದನ್ನೂ ತರುತ್ತೇನೆ. ನಿಮಗೆ ಕಟ್ಟುವುದಿಲ್ಲ, ಹೆದರಬೇಡಿ. ಪಟ್ಟಿ ನನ್ನ ಕಾಲಿಗಿರಲಿ, ಇನ್ನೊಂದು ತುದಿ ನಿಮ್ಮ ಕೈಯಲ್ಲಿರಲಿ. ಹಗ್ಗ ಕೈಯಲ್ಲಿರಬೇಕು ಎಂದವರು ನೀವೇ. ಒಂಬತ್ತನೆಯ ತಾರೀಖು ಹಡಗಿನ ಏಣಿಯ ಬುಡಕ್ಕೆ ಬಂದು ನಿಂತಿರಿ. ಹತ್ತುವುದು ಬೇಡ, ಅಲ್ಲಿ ನಿಂತು ಕೈ ಚಾಚಿದರೆ ಸಾಕು. ನನಗೆ ಹಡಗಿನಿಂದ ಇಳಿಯುವುದು ಗೊತ್ತಿಲ್ಲ.